ಪಂಪ್‌ಸೆಟ್ ಕಂಟ್ರೋಲರ್ ಮಾಡಿಸಿದ ಅನುಭವ: ಹೊರಗುತ್ತಿಗೆ ಪ್ರಾಡಕ್ಟ್ ಎಂಜಿನಿಯರಿಂಗ್ ಸೇವೆಯ ವಿಮರ್ಶೆ

ಕೃಷಿ ಪಂಪ್‌ಸೆಟ್‌ಗಳನ್ನು ಮೊಬೈಲ್ ಮೂಲಕ ಚಾಲೂ ಮಾಡುವ, ಬಂದ್ ಮಾಡುವ ಸ್ಟಾರ್ಟರ್ ಕಂಟ್ರೋಲರ್ ಒಂದರ ವಿನ್ಯಾಸವನ್ನು ಪೀಣ್ಯದ ನಮ್ಮ ಸಣ್ಣ ಕಾರ್ಖಾನೆಯು ಬೆಂಗಳೂರಿನ ಮಧ್ಯಮ ಗಾತ್ರದ ಪ್ರಾಡಕ್ಟ್ ಎಂಜಿನಿಯರಿಂಗ್ ಸಂಸ್ಥೆಯೊಂದಕ್ಕೆ, ಅಂದರೆ ಬೇರೆಯವರ ಉತ್ಪನ್ನಗಳನ್ನು ವಿನ್ಯಾಸ ಮಾಡಿಕೊಡುವ ಸಂಸ್ಥೆಗೆ, ಹೊರಗುತ್ತಿಗೆಯಾಗಿ ಕೊಟ್ಟಿತ್ತು. ಸರ್ಕ್ಯೂಟ್ ಬೋರ್ಡ್, ಫರ್ಮ್‌ವೇರ್ (ಉಪಕರಣದ ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್), ಹೊರಗಿನ ಪೆಟ್ಟಿಗೆ ಮತ್ತು ಮೊಬೈಲ್ ಆ್ಯಪ್ ಅವರ ಪಾಲಿನ ಕೆಲಸ. ತಯಾರಿಕೆ, ಮಾರಾಟ ಮತ್ತು ರಿಪೇರಿ ನಮ್ಮದು. ಕಂಟ್ರೋಲರ್ ಈಗ ರೈತರ ಹೊಲಗಳಲ್ಲಿ ಕೆಲಸ ಮಾಡುತ್ತಿದೆ. ಸೇವೆ ಒಟ್ಟಾರೆ ಚೆನ್ನಾಗಿತ್ತು, ಕೊಟ್ಟ ಹಣಕ್ಕೆ ತಕ್ಕದ್ದಾಗಿತ್ತು, ಆದರೆ ಎರಡು ಕಡೆ ನಮಗೆ ತೊಂದರೆಯಾಯಿತು. ಇಂಥ ಸೇವೆಯನ್ನು ಕೊಳ್ಳುವ ಸಣ್ಣ ಉದ್ಯಮಿಗಳು ರಾಜ್ಯದಲ್ಲಿ ಹೆಚ್ಚುತ್ತಿರುವುದರಿಂದ, ಒಂದು ಸಂಸ್ಥೆಯನ್ನು ಇನ್ನೊಂದಕ್ಕಿಂತ ಮೇಲಾಗಿಸುವುದು ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕೊಟೇಶನ್ ತರಿಸಿಕೊಂಡಾಗ ಎಲ್ಲ ಸಂಸ್ಥೆಗಳ ಕಾಗದಗಳೂ ಹೆಚ್ಚುಕಡಿಮೆ ಒಂದೇ ಥರ ಇದ್ದವು. ಎಲ್ಲರಿಗೂ ಚಿಪ್‌ಗೆ ಕೋಡ್ ಬರೆಯುವ ಎಂಬೆಡೆಡ್ ಸಿ ಗೊತ್ತು, ಎಲ್ಲರಿಗೂ ಕ್ಲೌಡ್ ಗೊತ್ತು, ಎಲ್ಲರ ಬಳಿಯೂ ಗುಣಮಟ್ಟದ ಪ್ರಮಾಣಪತ್ರಗಳಿವೆ. ಗಂಟೆಯ ದರದಲ್ಲಿ ವ್ಯತ್ಯಾಸವಿತ್ತು ನಿಜ, ಆದರೆ ಕಡಿಮೆ ದರ ಹೇಳಿದವರು ಹೆಚ್ಚು ಗಂಟೆಗಳನ್ನು ಹಾಕಿದ್ದರಿಂದ ಒಟ್ಟು ಮೊತ್ತ ಹತ್ತಿರ ಹತ್ತಿರವೇ ಬಂದಿತ್ತು. ನಾವು ಆರಿಸಿಕೊಂಡ ಸಂಸ್ಥೆ ಬೇರೆಯಾಗಿ ಕಂಡದ್ದು ಮೊದಲ ಭೇಟಿಯಲ್ಲಿ ಅವರು ಕೇಳಿದ ಪ್ರಶ್ನೆಗಳಿಂದ. ಉಳಿದವರು ಆ್ಯಪ್‌ನಲ್ಲಿ ಎಷ್ಟು ಪರದೆಗಳು ಬೇಕು ಎಂದು ವಿಚಾರಿಸಿದರೆ, ಇಲ್ಲಿನ ಹಿರಿಯ ಎಂಜಿನಿಯರ್ ಒಬ್ಬರು ಕೇಳಿದ ಮೊದಲ ಮಾತು ಇದು: "ಸರ್, ಒಂದು ಫೇಸ್ ಹೋದಾಗ ನಿಮ್ಮ ರೈತರು ಕಂಡೆನ್ಸರ್ ಹಾಕಿ ಎರಡು ಫೇಸ್‌ನಲ್ಲೇ ಮೋಟರ್ ಓಡಿಸ್ತಾರಾ?"

ಓಡಿಸುತ್ತಾರೆ. ಹಳ್ಳಿಯಲ್ಲಿ ಮೂರು ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಎಂಬುದು ಸರ್ಕಾರದ ಮಾತು. ಅದು ಯಾವಾಗ ಬರುತ್ತದೆ, ಎಷ್ಟು ವೋಲ್ಟೇಜ್‌ನಲ್ಲಿ ಬರುತ್ತದೆ ಎಂಬುದು ಲೈನಿನ ಸ್ಥಿತಿಗೆ ಬಿಟ್ಟದ್ದು. ಓಡುತ್ತಿರುವ ಮೂರು ಫೇಸ್ ಮೋಟರ್‌ಗೆ ಒಂದು ಫೇಸ್ ತಪ್ಪಿದರೆ ಅದು ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡರ ಮೇಲೆ ತಿರುಗುತ್ತಲೇ, ತಪ್ಪಿದ ಫೇಸಿನ ತಂತಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. ಫೇಸ್ ತಪ್ಪಿದಾಗ ಮೋಟರ್ ನಿಲ್ಲಿಸಬೇಕಾದ ಪ್ರಿವೆಂಟರ್ ಎಂಬ ಸಾಧನ ಅಗ್ಗದ್ದಾಗಿ ವೋಲ್ಟೇಜನ್ನಷ್ಟೇ ನೋಡುವಂಥದ್ದಾದರೆ ಅದಕ್ಕೆ ಮೂರೂ ಫೇಸ್ ಇದ್ದಂತೆಯೇ ಕಾಣುತ್ತದೆ, ಅಷ್ಟರಲ್ಲಿ ಹೆಚ್ಚಿನ ಕರೆಂಟ್ ಎಳೆದು ವೈಂಡಿಂಗ್ ಸುಟ್ಟಿರುತ್ತದೆ. ಆದ್ದರಿಂದ ಮೂರೂ ತಂತಿಗಳ ಕರೆಂಟನ್ನು ಬೇರೆ ಬೇರೆಯಾಗಿ ಅಳೆಯಲೇಬೇಕು, ಜೊತೆಗೆ ರೈತ ಬೇಕೆಂದೇ ಎರಡು ಫೇಸ್‌ನಲ್ಲಿ ಓಡಿಸುವಾಗ ಕಂಟ್ರೋಲರ್ ಅಡ್ಡ ಬರದಂತೆ ಅದಕ್ಕೊಂದು ಪ್ರತ್ಯೇಕ ಮೋಡ್ ಇರಬೇಕು ಎಂದು ಅವರು ಅಲ್ಲೇ ಹಾಳೆಯ ಮೇಲೆ ಬರೆದು ತೋರಿಸಿದರು. ನಮ್ಮ ಬೇಡಿಕೆ ಪತ್ರದಲ್ಲಿ ಆ ಸಾಲು ಇರಲಿಲ್ಲ. ಈ ಸಂಸ್ಥೆ ಹಿಂದೆ ಬೇರೊಬ್ಬರಿಗೆ ಮೋಟರ್ ರಕ್ಷಣೆಯ ಉಪಕರಣ ಮಾಡಿಕೊಟ್ಟಿತ್ತು, ಅಲ್ಲಿ ಆದ ವೈಫಲ್ಯಗಳನ್ನು ಬರೆದಿಟ್ಟುಕೊಂಡಿತ್ತು. ಗ್ರಾಹಕರ ಹೆಸರು ಹೇಳದೆ, ಅವರ ವಿನ್ಯಾಸ ತೋರಿಸದೆ, ಕಲಿತ ಪಾಠವನ್ನು ಮಾತ್ರ ನಮ್ಮ ಮುಂದಿಟ್ಟಿತು.

ಈ ವ್ಯವಹಾರದಲ್ಲಿ ನಿಜವಾದ ಮೇಲುಗೈ ಇರುವುದು ಇಲ್ಲೇ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕಂಪನಿ ತನ್ನದೇ ಉತ್ಪನ್ನವನ್ನು ಹತ್ತು ವರ್ಷಕ್ಕೆ ಎರಡು ಸಲ ಹೊಸದಾಗಿ ಕಟ್ಟಬಹುದು. ಹೊರಗುತ್ತಿಗೆಯ ಸಂಸ್ಥೆ ಅಂಥ ಉತ್ಪನ್ನಗಳನ್ನು ಬೇರೆ ಬೇರೆ ಗ್ರಾಹಕರಿಗಾಗಿ ಮತ್ತೆ ಮತ್ತೆ ಕಟ್ಟುತ್ತದೆ, ಹಾಗಾಗಿ ಎಲ್ಲಿ ಏನು ಕೆಡುತ್ತದೆ ಎಂಬ ತಿಳಿವಳಿಕೆ ಅದರ ಬಳಿ ಬೇಗ ಕೂಡಿಬರುತ್ತದೆ. ಆದರೆ ಆ ತಿಳಿವಳಿಕೆ ಎಂಜಿನಿಯರುಗಳ ತಲೆಯಲ್ಲಷ್ಟೇ ಉಳಿದರೆ ಅವರು ಕೆಲಸ ಬಿಟ್ಟ ದಿನವೇ ಅದೂ ಹೋಗುತ್ತದೆ. ಅದನ್ನು ಪರಿಶೀಲನಾ ಪಟ್ಟಿಯಾಗಿ, ಮರುಬಳಕೆಯ ಕೋಡ್ ಆಗಿ, ಪರೀಕ್ಷೆಯ ಉಪಕರಣವಾಗಿ ಸಂಸ್ಥೆಯ ಒಳಗೆ ಕೂಡಿಡುವವರು ಮುಂದೆ ಹೋಗುತ್ತಾರೆ.

ಬೆಂಗಳೂರಿನ ಇತಿಹಾಸವೂ ಇದನ್ನೇ ತೋರಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ವಿನ್ಯಾಸ ಕೇಂದ್ರ ತೆರೆದಾಗ ಬಂದದ್ದು ಪರದೇಶದ ಕಂಪನಿಯೊಂದರ ಸ್ವಂತ ಕೆಲಸ. ಇನ್ನೊಬ್ಬರ ಉತ್ಪನ್ನವನ್ನು ಗುತ್ತಿಗೆಗೆ ಕಟ್ಟಿಕೊಡುವ ಕೆಲಸವನ್ನು ದೊಡ್ಡ ಪ್ರಮಾಣಕ್ಕೆ ತಂದವರಲ್ಲಿ ವಿಪ್ರೋ ಮುಖ್ಯವಾದುದು. 1980ರ ದಶಕದಲ್ಲಿ ತನ್ನದೇ ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದ ಆ ಕಂಪನಿ, ಉದಾರೀಕರಣದ ನಂತರ ಹೊರದೇಶದ ಬ್ರ್ಯಾಂಡ್‌ಗಳ ಜೊತೆ ಸೆಣಸುವುದು ಕಷ್ಟವಾದಾಗ, ಅದೇ ಸಂಶೋಧನಾ ವಿಭಾಗದ ಎಂಜಿನಿಯರುಗಳನ್ನು 'ಲ್ಯಾಬ್ ಆನ್ ಹೈರ್' (ಬಾಡಿಗೆಗೆ ಪ್ರಯೋಗಾಲಯ) ಎಂದು ಹೊರಗಿನವರಿಗೆ ಒದಗಿಸತೊಡಗಿತು. ಆ ಎಂಜಿನಿಯರುಗಳು ಸ್ವತಃ ಬೋರ್ಡ್ ಮಾಡಿ, ಮಾರಿ, ಗ್ರಾಹಕರ ದೂರು ಕೇಳಿದ್ದವರು. ಅವರ ಕೆಲಸದ ಬೆಲೆ ಆ ಅನುಭವದಲ್ಲಿತ್ತು. 1989ರಲ್ಲಿ ಸಿಲಿಕಾನ್ ಆಟೊಮೇಶನ್ ಸಿಸ್ಟಮ್ಸ್ ಎಂಬ ಹೆಸರಿನಲ್ಲಿ ಹುಟ್ಟಿ ಮುಂದೆ ಸಾಸ್ಕೆನ್ ಆದ ಸಂಸ್ಥೆ ಸೇವೆಯ ಜೊತೆಗೆ ದೂರಸಂಪರ್ಕದ ತನ್ನದೇ ಸಾಫ್ಟ್‌ವೇರ್ ಭಾಗಗಳನ್ನೂ ಬೆಳೆಸಿ ಲೈಸೆನ್ಸ್ ಮೇಲೆ ಕೊಟ್ಟಿತು. ಬೆಳಗಾವಿಯಲ್ಲಿ ಇದು ಇನ್ನೊಂದು ದಿಕ್ಕು ಹಿಡಿಯಿತು. 1997ರಲ್ಲಿ ಶುರುವಾದ ಕ್ವೆಸ್ಟ್ ಎಂಜಿನಿಯರಿಂಗ್ ಸೇವೆ ಕೊಡುತ್ತಲೇ ತಯಾರಿಕೆಗೂ ಕೈ ಹಾಕಿತು, ಆ ತಯಾರಿಕೆಯ ಕವಲೇ ವಿಮಾನದ ಬಿಡಿಭಾಗ ಮಾಡುವ ಇಂದಿನ ಏಕಸ್ ಕಂಪನಿ. ವಿಮಾನದ ಬಿಡಿಭಾಗದ ನಕ್ಷೆ ಬರೆಯುವವರಿಗೂ ಅದನ್ನು ಕೊರೆಯುವ ಯಂತ್ರಕ್ಕೂ ನಡುವಿನ ದೂರ ಕಡಿಮೆಯಾದರೆ ತಪ್ಪುಗಳು ಎಷ್ಟು ಬೇಗ ತಿಳಿಯುತ್ತವೆ ಎಂಬುದನ್ನು ಯಂತ್ರೋಪಕರಣದ ಊರಾದ ಬೆಳಗಾವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ವೈದ್ಯಕೀಯ ಉಪಕರಣ, ವಾಹನ, ವಿಮಾನ ಈ ಮೂರು ರಂಗಗಳಲ್ಲಿ ಮೇಲುಗೈಗೆ ಮಾನದಂಡಗಳ ಆಸರೆಯೂ ಇದೆ. ವೈದ್ಯಕೀಯ ಸಾಫ್ಟ್‌ವೇರ್‌ಗೆ ಐಇಸಿ 62304, ವಾಹನಗಳ ಸುರಕ್ಷತೆಗೆ ಐಎಸ್ಒ 26262, ವಿಮಾನದ ಸಾಫ್ಟ್‌ವೇರ್‌ಗೆ ಡಿಒ-178ಸಿ. ಇವುಗಳಲ್ಲಿ ಪ್ರತಿಯೊಂದು ಬೇಡಿಕೆಯಿಂದ ಹಿಡಿದು ಅದರ ಕೋಡ್, ಅದರ ಪರೀಕ್ಷೆ, ಪರೀಕ್ಷೆಯ ಫಲಿತಾಂಶದ ತನಕ ದಾಖಲೆಯ ಸರಪಳಿ ಎಲ್ಲೂ ಕಡಿಯದಂತೆ ಇರಬೇಕು. ಈ ಶಿಸ್ತು ಒಂದು ತಂಡಕ್ಕೆ ಮೈಗೂಡಲು ವರ್ಷಗಳೇ ಹಿಡಿಯುವುದರಿಂದ ಹೊಸಬರು ದರ ಇಳಿಸಿ ಒಳಗೆ ಬರುವುದು ಸುಲಭವಲ್ಲ. ನಮ್ಮ ಉತ್ಪನ್ನಕ್ಕೆ ಅಂಥ ಕಟ್ಟುನಿಟ್ಟು ಇರಲಿಲ್ಲ, ಆದರೂ ವೈದ್ಯಕೀಯ ಉಪಕರಣಗಳಲ್ಲಿ ಕೆಲಸ ಮಾಡಿದ್ದ ತಂಡವೇ ನಮಗೆ ಸಿಕ್ಕಿದ್ದರ ಲಾಭ ದಾಖಲೆಗಳಲ್ಲಿ ಎದ್ದು ಕಂಡಿತು.

ಆ ತಂಡದ ವಿನ್ಯಾಸದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಕೆಲವು ಚಿಕ್ಕ ನಿರ್ಧಾರಗಳು. ಕರೆಂಟ್ ಬಂದ ಕೂಡಲೇ ಸುತ್ತಲಿನ ಎಲ್ಲ ಆಟೊಸ್ಟಾರ್ಟರ್‌ಗಳೂ ಒಟ್ಟಿಗೆ ಮೋಟರ್ ಎಬ್ಬಿಸಿದರೆ ವೋಲ್ಟೇಜ್ ಕುಸಿಯುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ, ಆಮೇಲೆ ಊರಿನವರೆಲ್ಲ ಸೇರಿ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಅಲೆಯಬೇಕು. ಇದನ್ನು ತಪ್ಪಿಸಲು ಪ್ರತಿ ಕಂಟ್ರೋಲರ್ ತನ್ನ ಸೀರಿಯಲ್ ನಂಬರಿನ ಲೆಕ್ಕದಲ್ಲಿ ಬೇರೆ ಬೇರೆ ಹೊತ್ತು ಕಾದು ಚಾಲೂ ಆಗುವಂತೆ ಮಾಡಿದರು. ಕರೆಂಟ್ ಹೋದ ಮೇಲೂ 'ಕರೆಂಟ್ ಹೋಗಿದೆ' ಎಂಬ ಸಂದೇಶ ಕಳಿಸುವಷ್ಟು ಶಕ್ತಿ ಉಳಿಯಲಿ ಎಂದು ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇಟ್ಟರು. ಹೊಲದ ಬಿಸಿಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಬ್ಯಾಟರಿ ಬಹಳ ಕಾಲ ಬಾಳುವುದಿಲ್ಲ. ಇರುವೆ, ಹಲ್ಲಿ ಒಳಗೆ ಸೇರದಂತೆ ಕೇಬಲ್ ಬರುವ ತೂತುಗಳಿಗೆ ಗ್ಲ್ಯಾಂಡ್ (ಬಿಗಿ ಮುಚ್ಚಳ) ಹಾಕಿ, ಬೋರ್ಡಿಗೆ ತೇವ ತಡೆಯುವ ಲೇಪನ ಕೊಟ್ಟರು. ಬಾವಿ ಬತ್ತಿದಾಗ ಮೋಟರ್ ಎಳೆಯುವ ಕರೆಂಟ್ ಇಳಿಯುವುದನ್ನು ನೋಡಿ ತಾನಾಗಿ ನಿಲ್ಲಿಸುವ ವ್ಯವಸ್ಥೆ ಎಲ್ಲರೂ ಕೊಡುತ್ತಾರೆ. ಇವರು ಆ ಮಿತಿಯನ್ನು ಕಾರ್ಖಾನೆಯಲ್ಲಿ ನಿಗದಿ ಮಾಡದೆ, ಹೊಲದಲ್ಲಿ ಮೊದಲ ಸಲ ನೀರು ಎತ್ತುವಾಗ ಕಂಟ್ರೋಲರ್ ತಾನೇ ಕಲಿತುಕೊಳ್ಳುವಂತೆ ಮಾಡಿದರು.

ಬಿಡಿಭಾಗಗಳ ಪಟ್ಟಿಯ ವಿಷಯದಲ್ಲೂ ಅದೇ ಮುಂದಾಲೋಚನೆ ಇತ್ತು. 2021ರ ಚಿಪ್ ಕೊರತೆಯ ಕಾಲದಲ್ಲಿ ಸಾಮಾನ್ಯ ಮೈಕ್ರೋಕಂಟ್ರೋಲರ್‌ಗಳಿಗೂ ಒಂದು ವರ್ಷದವರೆಗೆ ಕಾಯಬೇಕಾದ ಸ್ಥಿತಿ ಬಂದು, ಒಂದೇ ಚಿಪ್ ನಂಬಿಕೊಂಡಿದ್ದ ಸಣ್ಣ ತಯಾರಕರು ಕೈಕಟ್ಟಿ ಕೂತಿದ್ದನ್ನು ಪೀಣ್ಯದಲ್ಲಿ ಎಲ್ಲರೂ ಕಂಡಿದ್ದಾರೆ. ಇವರು ಮುಖ್ಯ ಚಿಪ್‌ಗೆ ಪಿನ್ ಹೊಂದುವ, ಅಂದರೆ ಬೋರ್ಡಿನ ಅದೇ ಜಾಗದಲ್ಲಿ ಕೂರುವ ಪರ್ಯಾಯವನ್ನು ಮೊದಲೇ ಗುರುತಿಸಿ ಎರಡರಲ್ಲೂ ಫರ್ಮ್‌ವೇರ್ ಓಡಿಸಿ ತೋರಿಸಿದರು. ಜಿಯೋಗೆ 2ಜಿ ಜಾಲವೇ ಇಲ್ಲ, ಇತರ ಕಂಪನಿಗಳ 2ಜಿ ಎಷ್ಟು ಕಾಲ ಉಳಿಯುತ್ತದೋ ಹೇಳಲಾಗದು ಎಂಬ ಕಾರಣಕ್ಕೆ 4ಜಿ ಮಾಡ್ಯೂಲನ್ನು ಆರಿಸಿ, ಒಂದಕ್ಕಿಂತ ಹೆಚ್ಚು ತಯಾರಕರ ಮಾಡ್ಯೂಲ್ ಕೂರುವಂತೆ ಬೋರ್ಡ್ ಹಾಕಿದರು. ಇದರಿಂದ ಬೋರ್ಡ್ ಸ್ವಲ್ಪ ದೊಡ್ಡದಾಯಿತು, ಪೆಟ್ಟಿಗೆಯ ಅಚ್ಚಿನ ಖರ್ಚೂ ಏರಿತು. ಆ ಖರ್ಚು ಸಾರ್ಥಕ.

ಇನ್ನು ತೊಂದರೆಗಳ ಮಾತು. ಕೆಲಸದ ನಡುವೆಯೇ ಫರ್ಮ್‌ವೇರ್ ಬರೆಯುತ್ತಿದ್ದ ಮುಖ್ಯ ಎಂಜಿನಿಯರ್ ಸಂಸ್ಥೆ ಬಿಟ್ಟು ಹೋದರು. ಅದಕ್ಕೆ ಸಂಸ್ಥೆಯನ್ನೇ ಪೂರ್ತಿ ದೂರುವುದು ನ್ಯಾಯವಲ್ಲ. ಐಟಿ ಉದ್ಯಮದ ಸಂಘ ನ್ಯಾಸ್ಕಾಮ್ ಮತ್ತು ಸಲಹಾ ಸಂಸ್ಥೆ ಜಿನ್ನೋವ್ ಸೇರಿ ತಂದ 2024ರ ವರದಿಯ ಪ್ರಕಾರ ದೇಶದಲ್ಲಿ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು, ಅಂದರೆ ಜಿಸಿಸಿಗಳು, 1,700ಕ್ಕೂ ಹೆಚ್ಚಿವೆ. ಅವುಗಳಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲೇ ಇದೆ. ಐದಾರು ವರ್ಷ ಅನುಭವವಿರುವ ಒಳ್ಳೆಯ ಎಂಬೆಡೆಡ್ ಎಂಜಿನಿಯರನ್ನು ಮಧ್ಯಮ ಗಾತ್ರದ ಸಂಸ್ಥೆ ಅವುಗಳ ಸಂಬಳದ ಎದುರು ಹಿಡಿದಿಟ್ಟುಕೊಳ್ಳುವುದು ಕಠಿಣ. ನಮ್ಮ ಆಕ್ಷೇಪ ಇರುವುದು ಈ ಸುದ್ದಿಯನ್ನು ನಮಗೆ ತಿಳಿಸಲು ತಡಮಾಡಿದ್ದರ ಬಗ್ಗೆ. ಹೊಸಬರು ಬಂದು ವಿನ್ಯಾಸದ ಟಿಪ್ಪಣಿಗಳನ್ನು ಓದಿಕೊಂಡು ಕೆಲಸ ಮುಂದುವರಿಸಿದರು, ಟಿಪ್ಪಣಿಗಳು ಅಷ್ಟು ಚೆನ್ನಾಗಿದ್ದವು; ಆದರೆ ಆ ನಡುವೆ ವಾರದ ವರದಿಗಳಲ್ಲಿ ಎಲ್ಲ ಸರಿಯಾಗಿದೆ ಎಂದೇ ಬರುತ್ತಿತ್ತು. ಗ್ರಾಹಕರಿಗೆ ಕೆಟ್ಟ ಸುದ್ದಿಯನ್ನು ಮೊದಲು ಹೇಳುವ ಪದ್ಧತಿ ಸಂಸ್ಥೆಗೆ ಎಷ್ಟೋ ಪ್ರಮಾಣಪತ್ರಗಳಿಗಿಂತ ಹೆಚ್ಚು ಗೌರವ ತರುತ್ತದೆ.

ಎರಡನೆಯ ಕೊರತೆ ಆ್ಯಪ್‌ನದ್ದು. ಅದನ್ನು ಬೇರೊಂದು ತಂಡ ಮಾಡಿತು, ಆ ತಂಡದವರು ಹೊಲಕ್ಕೆ ಬಂದೇ ಇರಲಿಲ್ಲ. ಕೀಪ್ಯಾಡ್ ಫೋನಿನ ರೈತ ಮಿಸ್ಡ್ ಕಾಲ್ ಕೊಟ್ಟು ಮೋಟರ್ ಎಬ್ಬಿಸಬೇಕು, ಮೋಟರ್ ಯಾಕೆ ನಿಂತಿತು ಎಂಬುದನ್ನು ಕನ್ನಡದ ಧ್ವನಿಯಲ್ಲಿ ಕೇಳಬೇಕು ಎಂಬ ಬೇಡಿಕೆಯನ್ನು ಹೆಚ್ಚುವರಿ ಕೆಲಸವೆಂದು ಬೇರೆ ಬಿಲ್ ಮಾಡಿದರು. ಹಾರ್ಡ್‌ವೇರ್ ತಂಡಕ್ಕಿದ್ದ ರಂಗದ ತಿಳಿವಳಿಕೆ ಒಂದೇ ಸಂಸ್ಥೆಯ ಸಾಫ್ಟ್‌ವೇರ್ ತಂಡಕ್ಕೆ ಹರಿದಿರಲಿಲ್ಲ ಎಂಬುದು ನನಗೆ ನಿರಾಸೆ ತಂದ ಸಂಗತಿ.

ಒಪ್ಪಂದದ ವಿಷಯದಲ್ಲಿ ಕೊಳ್ಳುವವರು ಬಹಳ ಎಚ್ಚರದಿಂದಿರಬೇಕು. ಹಣ ಕೊಟ್ಟ ಮಾತ್ರಕ್ಕೆ ಕೋಡ್ ನಮ್ಮದಾಗುವುದಿಲ್ಲ. ಬರೆದುಕೊಟ್ಟ ಹಸ್ತಾಂತರವಿಲ್ಲದಿದ್ದರೆ ಗುತ್ತಿಗೆಗೆ ಬರೆದ ಸಾಫ್ಟ್‌ವೇರಿನ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಬರೆದ ಸಂಸ್ಥೆಯ ಬಳಿಯೇ ಉಳಿಯುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹಸ್ತಾಂತರ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷಕ್ಕೆ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಸೀಮಿತ ಎಂದು ಭಾವಿಸಲಾಗುತ್ತದೆ. ನಾವು ಕೆಲಸ ಕೊಟ್ಟ ಸಂಸ್ಥೆ ಇದನ್ನು ಮುಚ್ಚಿಡಲಿಲ್ಲ. ನಮಗಾಗಿ ಬರೆದ ಕೋಡ್ ಪೂರ್ತಿಯಾಗಿ, ಎಲ್ಲ ದೇಶಗಳಿಗೂ, ಎಲ್ಲ ಕಾಲಕ್ಕೂ ನಮ್ಮದು. ಮೋಡೆಮ್ ಸಂಪರ್ಕದ ಲೈಬ್ರರಿಯಂಥ ಅವರ ಹಳೆಯ ಭಾಗಗಳು ಅವರವೇ, ಬಳಸುವ ಶಾಶ್ವತ ಪರವಾನಗಿ ಮಾತ್ರ ನಮಗೆ ಎಂದು ಯಾವ ಫೈಲ್ ಯಾರದೆಂಬ ಪಟ್ಟಿಯನ್ನೇ ಒಪ್ಪಂದಕ್ಕೆ ಲಗತ್ತಿಸಿದರು. ಕೊನೆಯಲ್ಲಿ ಸರ್ಕ್ಯೂಟ್ ನಕ್ಷೆ, ಬೋರ್ಡ್ ತಯಾರಿಸಲು ಬೇಕಾದ ಗರ್ಬರ್ ಫೈಲ್, ಮೂಲ ಕೋಡ್ ಎಲ್ಲವನ್ನೂ ಕೊಟ್ಟು, ನಮ್ಮ ಕಂಪ್ಯೂಟರಿನಲ್ಲೇ ಫರ್ಮ್‌ವೇರ್ ಬಿಲ್ಡ್ ಮಾಡಿಸಿ, ನಮ್ಮ ಹುಡುಗರ ಕೈಯಲ್ಲಿ ಬೋರ್ಡ್ ಪರೀಕ್ಷಿಸುವ ಟೆಸ್ಟ್ ಜಿಗ್ ಓಡಿಸಿ ನೋಡಿದ ಮೇಲೆಯೇ ಅಂತಿಮ ಬಿಲ್ ಕಳಿಸಿದರು. ಬೇರೆ ಕಡೆಗೆ ಹೋಗುವ ದಾರಿಯನ್ನು ಗ್ರಾಹಕರಿಗೆ ಮುಕ್ತವಾಗಿಟ್ಟ ಸಂಸ್ಥೆಯ ಬಳಿಗೇ ಗ್ರಾಹಕ ಮರಳುತ್ತಾನೆ ಎಂಬುದನ್ನು ಅವರು ಅರಿತಿದ್ದಾರೆ. ನಾವೂ ಮುಂದಿನ ಮಾದರಿಯನ್ನು ಅವರಿಗೇ ಕೊಟ್ಟಿದ್ದೇವೆ.

ಹಾರ್ಡ್‌ವೇರ್ ಮತ್ತು ಫರ್ಮ್‌ವೇರ್ ಸೇರಿದ ಉತ್ಪನ್ನವಿದ್ದು, ಸ್ವಂತ ವಿನ್ಯಾಸ ತಂಡ ಕಟ್ಟುವಷ್ಟು ವಹಿವಾಟು ಇಲ್ಲದ ಸಣ್ಣ ಮತ್ತು ಮಧ್ಯಮ ತಯಾರಕರಿಗೆ ಈ ಬಗೆಯ ಸೇವೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಬರೀ ಆ್ಯಪ್ ಬೇಕಾದವರಿಗೆ ಇದು ದುಬಾರಿ. ಒಪ್ಪಂದಕ್ಕೆ ಮುನ್ನ ಅವರ ಲ್ಯಾಬ್‌ಗೆ ಹೋಗಿ, ಹಿಂದಿನ ಉತ್ಪನ್ನಗಳಲ್ಲಿ ಏನು ಕೆಟ್ಟಿತ್ತು ಎಂದು ಕೇಳಿ. ಮುಖ್ಯ ಎಂಜಿನಿಯರ್ ಬದಲಾದರೆ ಒಂದು ವಾರದೊಳಗೆ ಲಿಖಿತವಾಗಿ ತಿಳಿಸಬೇಕೆಂಬ ಷರತ್ತನ್ನೂ, ಆ್ಯಪ್ ತಂಡದವರು ಬಳಕೆಯ ಸ್ಥಳಕ್ಕೆ ಬರಬೇಕೆಂಬ ಷರತ್ತನ್ನೂ ಬರೆಸಿಕೊಳ್ಳಿ. ಎರಡನೆಯ ಒಪ್ಪಂದದಲ್ಲಿ ನಾವು ಇವೆರಡನ್ನೂ ಸೇರಿಸಿದೆವು, ಸಂಸ್ಥೆ ತಕರಾರಿಲ್ಲದೆ ಸಹಿ ಹಾಕಿತು.