ಸ್ಟ್ರಕ್ಚರಲ್ ಡೈನಾಮಿಕ್ಸ್ ಕಲಿಯೋರಿಗೆ ಬಳ್ಳಾರಿಯಲ್ಲೇ ಒಳ್ಳೆ ಟ್ಯೂಷನ್ ಇದೆ

ಸಿವಿಲ್ ಓದೋರಿಗೆ ಕಟ್ಟಡಗಳ ಅಲ್ಲಾಟವನ್ನು ಲೆಕ್ಕ ಹಾಕುವ ಸ್ಟ್ರಕ್ಚರಲ್ ಡೈನಾಮಿಕ್ಸ್ ಅಂದ್ರೆ ಭಯ. ಗಾಂಧಿನಗರದ ಈ ಭಾನುವಾರದ ಟ್ಯೂಷನ್‌ನಲ್ಲಿ ಆ ಭಯ ಮೊದಲ ದಿನವೇ ಅರ್ಧ ಹೋಗುತ್ತದೆ.

ಸರ್ ಬೋರ್ಡ್ ಹತ್ತಿರ ಹೋಗಲೇ ಇಲ್ಲ. ಸ್ಟೀಲ್ ಸ್ಕೇಲನ್ನು ಟೇಬಲ್ ಅಂಚಿಗೆ ಕ್ಲ್ಯಾಂಪ್ ಹಾಕಿ ಬಿಗಿದರು, ತುದಿಗೆ ನಟ್ಟು ವಾಷರ್ ಕಟ್ಟಿದರು, ಬೆರಳಲ್ಲಿ ಒತ್ತಿ ಬಿಟ್ಟರು, ಅಲ್ಲಾಟ ಎಷ್ಟು ಬೇಗ ಆಗುತ್ತೆ ಅಂತ ನಮ್ಮ ಮೊಬೈಲ್‌ನಲ್ಲೇ ಸ್ಲೋ ಮೋಷನ್ ವಿಡಿಯೋ ತೆಗೆಸಿ ಎಣಿಸಲು ಹೇಳಿದರು. ತೂಕ 4 ಪಟ್ಟು ಮಾಡಿದಾಗ ಒಂದು ಅಲ್ಲಾಟದ ಸಮಯ ಹೆಚ್ಚುಕಡಿಮೆ 2 ಪಟ್ಟಾಯಿತು. ಹೊರಗೆ ಚಾಚಿದ ಉದ್ದವನ್ನು ಅರ್ಧ ಮಾಡಿದರೆ ಬಾಗುವುದನ್ನು ತಡೆಯುವ ಬಿಗಿತ, ಅಂದ್ರೆ ಸ್ಟಿಫ್‌ನೆಸ್ 8 ಪಟ್ಟು, ಆಗ ಸ್ಕೇಲ್ ಕಣ್ಣಿಗೆ ಸಿಗದಷ್ಟು ಜೋರಾಗಿ ನಡುಗಿತು. ಇಷ್ಟಾದ ಮೇಲೇ ಒಂದು ಅಲ್ಲಾಟದ ಸಮಯದ, ಅಂದ್ರೆ ಪೀರಿಯಡ್‌ನ, ಸೂತ್ರ ಬಂತು: ಮಾಸನ್ನು ಸ್ಟಿಫ್‌ನೆಸ್‌ನಿಂದ ಭಾಗಿಸಿ, ವರ್ಗಮೂಲ ತೆಗೆದು, 2 ಪೈನಿಂದ ಗುಣಿಸಿ. ಬಾಯಿಪಾಠದ ಅಗತ್ಯವೇ ಬೀಳಲಿಲ್ಲ.

2016ರ ಕೋಡ್ ಪ್ರಕಾರ ಬಳ್ಳಾರಿ ಭೂಕಂಪದ ಅಪಾಯ ಅತಿ ಕಡಿಮೆ ಇರುವ ಝೋನ್ 2ರಲ್ಲಿದೆ, ನಮಗ್ಯಾಕೆ ಇದೆಲ್ಲ ಅಂತ ಒಬ್ಬ ಕೇಳಿದ. ಸರ್ ಕುಡತಿನಿ ಥರ್ಮಲ್ ವಿದ್ಯುತ್ ಸ್ಥಾವರದ ಕಡೆ ಕೈ ತೋರಿಸಿದರು. ಅಂಥ ಕಡೆ ಟರ್ಬೈನ್ ನಿಮಿಷಕ್ಕೆ 3000 ಸುತ್ತು, ಅಂದ್ರೆ ಸೆಕೆಂಡಿಗೆ 50. ಅದನ್ನು ಹೊತ್ತ ಫೌಂಡೇಶನ್‌ನ ಸ್ವಂತ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಸಲ ತಾನಾಗಿ ಅಲ್ಲಾಡುತ್ತೆ ಅನ್ನೋದು) ಅದರ ಹತ್ತಿರ ಬರಬಾರದು. ಬಂದರೆ ರೆಸೊನೆನ್ಸ್, ಅಂದ್ರೆ ಎರಡರ ಲಯ ಕೂಡಿ ಅಲ್ಲಾಟ ವಿಪರೀತ ಬೆಳೆಯುತ್ತದೆ. ಅಲ್ಲಾಟವನ್ನು ತಗ್ಗಿಸುವ ಡ್ಯಾಂಪಿಂಗ್ 5% ಇದ್ದರೂ ಅಲ್ಲಾಟ ಸ್ಟ್ಯಾಟಿಕ್ ಲೆಕ್ಕದ (ಅದೇ ಬಲ ಅಲ್ಲಾಡದೆ ಒತ್ತಿದಾಗ ಬರುವ ಬಾಗುವಿಕೆಯ) 10 ಪಟ್ಟು ಆಗುತ್ತದೆ. 1985ರ ಮೆಕ್ಸಿಕೋ ಸಿಟಿ ಭೂಕಂಪವನ್ನೂ ಹೀಗೇ ಬಿಡಿಸಿ ಹೇಳಿದರು. ಭೂಕಂಪದ ಕೇಂದ್ರ ನೂರಾರು ಕಿಲೋಮೀಟರ್ ದೂರ, ಆದರೆ ಹಳೇ ಕೆರೆಯ ಮೆತ್ತನೆ ಮಣ್ಣು ಸುಮಾರು 2 ಸೆಕೆಂಡಿಗೊಮ್ಮೆ ತೂಗಿತು, ಆ ಲಯಕ್ಕೆ ಹೊಂದಿದ ಮಧ್ಯಮ ಎತ್ತರದ ಕಟ್ಟಡಗಳೇ ಜಾಸ್ತಿ ಬಿದ್ದವು.

ಕೋಡ್ ಲೆಕ್ಕವನ್ನೂ ಮಾಡಿಸುತ್ತಾರೆ. ಭೂಕಂಪಕ್ಕೆ ಕಟ್ಟಡ ವಿನ್ಯಾಸ ಮಾಡುವ ಭಾರತೀಯ ಕೋಡ್ ಆದ 2016ರ ಐಎಸ್ 1893 ಪ್ರಕಾರ 10 ಮೀಟರ್ ಎತ್ತರದ, ಇನ್‌ಫಿಲ್ (ಕಂಬ ತೊಲೆಗಳ ನಡುವೆ ತುಂಬುವ) ಗೋಡೆ ಲೆಕ್ಕಕ್ಕೆ ಹಿಡಿಯದ ಆರ್‌ಸಿಸಿ ಫ್ರೇಮ್‌ಗೆ ಪೀರಿಯಡ್ 0.42 ಸೆಕೆಂಡ್. ಉತ್ತರ ಬಂದ ಮೇಲೆ "ಇದು ಸರಿ ಅನಿಸುತ್ತಾ?" ಅಂತ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ನನಗೆ ತುಂಬಾ ಹಿಡಿಸಿದ್ದು ಇದು, ಯಾಕೆಂದರೆ ಸಾಫ್ಟ್‌ವೇರ್ ಏನು ಕೊಟ್ಟರೂ ನಂಬಿಬಿಡೋ ಅಭ್ಯಾಸ ಆಗ ತಪ್ಪುತ್ತದೆ ಅಲ್ವಾ.

ಕೊರತೆ ಇಲ್ಲ ಅಂತಲ್ಲ. ಎರಡು ಮೂರು ಮಹಡಿಯ ಮೋಡ್ ಶೇಪ್ (ಕಟ್ಟಡ ಅಲ್ಲಾಡುವಾಗ ತಳೆಯುವ ಆಕಾರ) ಬಂದಾಗ ಓಡಿಸಿಬಿಟ್ಟರು, ಅದಕ್ಕೆ ಬೇಕಾದ ಮ್ಯಾಟ್ರಿಕ್ಸ್ ಲೆಕ್ಕದ ಐಗನ್ ವ್ಯಾಲ್ಯೂ ಗೊತ್ತಿಲ್ಲದವರು ಅಲ್ಲೇ ಉಳಿದರು. ಆ ಭಾಗಕ್ಕೆ ಇನ್ನೂ ಎರಡು ವಾರ ಕೊಡಲೇಬೇಕು. ನೋಟ್ಸ್ ಝೆರಾಕ್ಸ್ ಮಸುಕು. ರೂಮಿನ ಮೇಲೆ ತಗಡಿನ ಶೀಟು, ನಮ್ಮೂರ ಬಿಸಿಲಿಗೆ ಮಧ್ಯಾಹ್ನದ ಬ್ಯಾಚ್ ಬೇಡ, ಬೆಳಗಿನದಕ್ಕೇ ಸೇರಿ. ಸೇರುವ ಮೊದಲು ಡಿಫರೆನ್ಷಿಯಲ್ ಈಕ್ವೇಷನ್, ಮ್ಯಾಟ್ರಿಕ್ಸ್ ಒಂದ್ಸಲ ತಿರುವಿ ಹಾಕಿ. ಬರೀ ಇಂಟರ್ನಲ್ಸ್ ಪಾಸಾಗೋಕೆ ಪ್ರಶ್ನೋತ್ತರ ಬೇಕು ಅನ್ನೋರಿಗೆ ಈ ಕ್ಲಾಸ್ ಅಲ್ಲ.