ಫೋಟೋದಲ್ಲಿ ಕೊಡೆಯಂತೆ ಅರಳಿದ ಫ್ರಾಕ್, ಮೈಮೇಲೆ ಜೋತುಬಿದ್ದದ್ದು ಯಾಕೆ?

ವಿಂಟೇಜ್ ಶೈಲಿ, 1950ರ ದಶಕದ ಕಟ್, ಫುಲ್ ಸರ್ಕಲ್ (ಪೂರ್ತಿ ವೃತ್ತವಾಗಿ ಕತ್ತರಿಸಿದ ಲಂಗ) ಎಂದು ಬರೆದಿದ್ದ, ಫೋಟೋ ನೋಡಿ ತರಿಸಿದ ಕೆಂಪು ಫ್ರಾಕ್ ಅದು. ಬಿಳಿ ಕಾಲರ್, ಬಿಗಿ ಸೊಂಟ. ಪೊಟ್ಟಣ ಬಿಚ್ಚಿ ತೊಟ್ಟಾಗ ಲಂಗ ಅರಳಲೇ ಇಲ್ಲ, ಕಾಲಿಗೆ ಜೋತುಬಿತ್ತು. ಎರಡನೇ ಸಲ ತೊಡುವಾಗ ಸೊಂಟದ ಹತ್ತಿರ ಜಿಪ್ ಕಚ್ಚಿಕೊಂಡಿತು. ಮೊದಲ ಒಗೆತಕ್ಕೆ ಕಾಲರ್ ಗುಲಾಬಿ ಬಣ್ಣಕ್ಕೆ ತಿರುಗಿತು. ಒಂದು ವಾರ ಹ್ಯಾಂಗರಿನಲ್ಲಿ ತೂಗುಹಾಕಿದ ಮೇಲೆ ತಳದ ಅಂಚು ಎರಡೂ ಪಕ್ಕದಲ್ಲಿ ಇಳಿದುಬಿಟ್ಟಿತ್ತು. ಒಗೆದ ಬಟ್ಟೆ ವಾಪಸು ಬರುವುದಿಲ್ಲ ಎಂದು ಮಾರಿದವರು ಕೈತೊಳೆದುಕೊಂಡರು. ಇದರಲ್ಲಿ ಒಂದೂ ದುರದೃಷ್ಟವಲ್ಲ. ಬಹುಪಾಲನ್ನು ಟೇಪು ಮತ್ತು ಒದ್ದೆ ಬಟ್ಟೆಯ ತುಂಡಿನಿಂದ ಮೊದಲ ದಿನವೇ ಹಿಡಿಯಬಹುದಿತ್ತು.

ಮೊದಲು ಲಂಗದ ಲೆಕ್ಕ. ಸೊಂಟ 70 ಸೆಂ.ಮೀ., ಲಂಗದ ಉದ್ದ 65 ಸೆಂ.ಮೀ. ಎಂದುಕೊಳ್ಳಿ. ಫುಲ್ ಸರ್ಕಲ್‌ಗೆ ಸೊಂಟದ ವೃತ್ತದ ತ್ರಿಜ್ಯ 70 ಭಾಗಿಸು 6.28 (ಪೈನ ಎರಡರಷ್ಟು), ಅಂದರೆ ಸುಮಾರು 11 ಸೆಂ.ಮೀ. ಅದಕ್ಕೆ 65 ಕೂಡಿಸಿ ಮತ್ತೆ 6.28ರಿಂದ ಗುಣಿಸಿದರೆ ತಳದ ಸುತ್ತಳತೆ ಸುಮಾರು 4.8 ಮೀಟರ್ ಬರಬೇಕು. ಅದೇ ಸೊಂಟ, ಅದೇ ಉದ್ದಕ್ಕೆ ಹಾಫ್ ಸರ್ಕಲ್, ಅಂದರೆ ಅರ್ಧ ವೃತ್ತ, ಕತ್ತರಿಸಿದರೆ ಸುತ್ತಳತೆ 2.7 ಮೀಟರ್ ಮಾತ್ರ. ಈ ಫ್ರಾಕ್‌ನ ತಳ ಅಳೆದಾಗ ಸಿಕ್ಕಿದ್ದು 2.7. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಟ್ಟೆ ಮಿಗಿಸಿ, ಹೆಸರು ಮಾತ್ರ ಪೂರ್ತಿ ಉಳಿಸಿಕೊಂಡಿದ್ದರು. ಆರ್ಡರ್ ಮಾಡುವ ಮುಂಚೆ ಕೇಳಬೇಕಾದ್ದು 'ಫುಲ್ ಸರ್ಕಲ್ಲಾ?' ಎಂದಲ್ಲ, 'ತಳದ ಸುತ್ತಳತೆ ಎಷ್ಟು ಸೆಂಟಿಮೀಟರ್?' ಎಂದು. ಉತ್ತರ ಬಾರದಿದ್ದರೆ ಅದೇ ಉತ್ತರ.

ಆದರೂ ಫೋಟೋದಲ್ಲಿ ಅರಳಿತ್ತಲ್ಲ? ಒಳಗೆ ನೆಟ್ ಪೆಟಿಕೋಟ್ ಇತ್ತು, ಮಾರುವ ಪೊಟ್ಟಣದಲ್ಲಿ ಇರಲಿಲ್ಲ. ಬೆನ್ನ ಹಿಂದೆ ಕ್ಲಿಪ್ ಹಾಕಿ ಸೊಂಟ ಬಿಗಿ ಮಾಡುವುದೂ ಫೋಟೋದವರ ಮಾಮೂಲಿ ಕೈಚಳಕ. ಹಾಗಾಗಿ ಬೆನ್ನಿನ ಕಡೆಯ ಚಿತ್ರ, ಹ್ಯಾಂಗರಿನಲ್ಲಿ ತೂಗಿದ ಚಿತ್ರ, ಒಳಮಗ್ಗುಲು ಹೊರಗೆ ಮಾಡಿದ ಚಿತ್ರ, ಈ ಮೂರನ್ನೂ ಕೇಳಿ. 1947ರ ಫೆಬ್ರವರಿಯಲ್ಲಿ ಫ್ರೆಂಚ್ ವಸ್ತ್ರವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ಈ ಆಕಾರವನ್ನು ಮುಂದಿಟ್ಟಾಗಲೂ ಅರಳುವ ಕೆಲಸ ಮಾಡಿದ್ದು ಮೇಲಿನ ಬಟ್ಟೆಯೊಂದೇ ಅಲ್ಲ. ಗಟ್ಟಿ ಲೈನಿಂಗ್, ಸೊಂಟದ ಕೆಳಗಿನ ಪ್ಯಾಡಿಂಗ್ ಎಲ್ಲವೂ ಒಳಗಿದ್ದವು. ಒಳಗಟ್ಟು ಇಲ್ಲದೆ ಹೊರಗಿನ ಆಕಾರವನ್ನಷ್ಟೇ ನಕಲು ಮಾಡಿದರೆ ಹೀಗೇ ಆಗುವುದು.

ಅಂಚು ಇಳಿದದ್ದಕ್ಕೆ ಕಾರಣ ಓರೆ ಎಳೆ. ವೃತ್ತಾಕಾರದಲ್ಲಿ ಕತ್ತರಿಸಿದಾಗ ಬಟ್ಟೆಯ ಕೆಲವು ಭಾಗ ನೇರ ಎಳೆಯ ಮೇಲೆ, ಕೆಲವು 45 ಡಿಗ್ರಿ ಓರೆಯಲ್ಲಿ ನಿಲ್ಲುತ್ತವೆ. ಓರೆ ಭಾಗ ತನ್ನದೇ ಭಾರಕ್ಕೆ ಹಿಗ್ಗುತ್ತದೆ. ಫುಲ್ ಸರ್ಕಲ್‌ನಲ್ಲಿ ಅಂಥ ಜಾಗ ನಾಲ್ಕು, ಹಾಫ್ ಸರ್ಕಲ್‌ನಲ್ಲಿ ಎರಡು. ಇಲ್ಲಿ ಎರಡೂ ಪಕ್ಕ ಇಳಿದದ್ದೂ ಕಟ್ ಯಾವುದೆಂದು ಹೇಳಿಬಿಟ್ಟಿತು. ತಿಳಿದ ದರ್ಜಿ ಸೊಂಟಪಟ್ಟಿ ಕೂಡಿಸಿದ ಮೇಲೆ ಲಂಗವನ್ನು ಒಂದೆರಡು ದಿನ ತೂಗಿಬಿಟ್ಟು, ಹಿಗ್ಗುವಷ್ಟು ಹಿಗ್ಗಲಿ ಎಂದು ಕಾದು, ಆಮೇಲೆ ಅಂಚು ಸಮ ಮಾಡುತ್ತಾರೆ. ಅವಸರದ ಹೊಲಿಗೆಯಲ್ಲಿ ಆ ಎರಡು ದಿನಕ್ಕೆ ಜಾಗವಿಲ್ಲ. ತಳದ ಮಡಿಕೆಯನ್ನೂ ನೋಡಿ: ಫುಲ್ ಸರ್ಕಲ್‌ಗೆ 1ರಿಂದ 1.5 ಸೆಂ.ಮೀ. ಸಾಕು. 5 ಸೆಂ.ಮೀ. ಮಡಿಚಿದರೆ ಹೊರ ಅಂಚು ತಾನು ಕೂರಬೇಕಾದ ಜಾಗದ ಸುತ್ತಳತೆಗಿಂತ ಸುಮಾರು 63 ಸೆಂ.ಮೀ. ಹೆಚ್ಚಿರುತ್ತದೆ, ಆ ಹೆಚ್ಚುವರಿ ಸುಕ್ಕಾಗಿ ನಿಲ್ಲುತ್ತದೆ. ಅಗಲ ಮಡಿಕೆ ಕಂಡು 'ಒಳ್ಳೇ ಹೊಲಿಗೆ' ಎಂದು ಮೋಸಹೋಗುವವರು ಬಹಳ.

ಜಿಪ್ ಕಚ್ಚಿಕೊಂಡದ್ದು ಸೊಂಟದ ಹೊಲಿಗೆ ಹಾಯುವ ಜಾಗದಲ್ಲಿ. ಅಲ್ಲಿ ಮೇಲ್ಭಾಗ, ಲಂಗ, ಲೈನಿಂಗ್ ಎಲ್ಲದರ ಮಾರ್ಜಿನ್ (ಹೊಲಿಗೆಯಾಚೆ ಉಳಿಯುವ ಬಟ್ಟೆ) ಸೇರಿ ದಪ್ಪವಾಗಿರುತ್ತದೆ. ಕಾಣದ ಜಿಪ್‌ನ ಸಣ್ಣ ಸ್ಲೈಡರ್ ಅದನ್ನು ದಾಟಲಾರದು. ಜೊತೆಗೆ ಮೈಯ ಎಳೆತವೂ ಅಲ್ಲಿಯೇ. ಬಲವಂತ ಮಾಡಿದರೆ ಹಲ್ಲು ಕಳಚುತ್ತದೆ. ಆ ಜಾಗದ ಮಾರ್ಜಿನ್ ಕತ್ತರಿಸಿ ತೆಳುಮಾಡಿ, ಒಳಗೆ ಸೊಂಟದ ಸುತ್ತ 2 ಸೆಂ.ಮೀ. ಅಗಲದ, ಹಿಗ್ಗದ ರಿಬ್ಬನ್ ಕೂಡಿಸಿ ಹುಕ್ ಇಡಿಸಬೇಕು. ಮೊದಲು ಹುಕ್, ಆಮೇಲೆ ಜಿಪ್. ಆಗ ಎಳೆತ ರಿಬ್ಬನ್ನಿಗೆ ಹೋಗುತ್ತದೆ, ಲಂಗದ ಭಾರವೂ ಅದರ ಮೇಲೆಯೇ ಕೂರುತ್ತದೆ.

ಬಣ್ಣದ ಪರೀಕ್ಷೆ ಒಂದು ನಿಮಿಷದ್ದು. ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆಯನ್ನು ಒಳಗಿನ ಹೊಲಿಗೆಯ ಮೇಲಿಟ್ಟು ಒತ್ತಿ ಹಿಡಿಯಿರಿ. ಕೆಂಪು ಹತ್ತಿದರೆ ಒಗೆಯದೆ ವಾಪಸು ಕಳಿಸಿ, ಚೀಟಿ ಕೀಳಬೇಡಿ. ಇಟ್ಟುಕೊಳ್ಳುವುದೇ ಆದರೆ ಕಾಲರನ್ನು ಬಿಚ್ಚಿ, ಕೈಹೊಲಿಗೆಯಲ್ಲಿ ಸಡಿಲವಾಗಿ ಕೂಡಿಸಿ, ಒಗೆಯುವಾಗ ಬೇರೆ ಮಾಡಿ. ಹಿಂದಿನವರು ಮಾಡುತ್ತಿದ್ದದ್ದೂ ಅದನ್ನೇ. ಬಣ್ಣ ಈಗಾಗಲೇ ಹತ್ತಿದ್ದರೆ ಒಣಗಲು ಬಿಡದೆ ತಣ್ಣೀರಲ್ಲಿ ಮತ್ತೆ ಮತ್ತೆ ಒಗೆಯಿರಿ. ಕಲೆ ಹೋಗುವ ತನಕ ಇಸ್ತ್ರಿ ಮುಟ್ಟಿಸಬೇಡಿ.

ಎಸ್, ಎಂ, ಎಲ್ ಅಕ್ಷರಗಳು ಈ ಕಟ್‌ಗೆ ಉಪಯೋಗಕ್ಕೆ ಬಾರವು. ಹಿಗ್ಗದ ಬಟ್ಟೆಗೆ ಎದೆಯಲ್ಲಿ 5 ಸೆಂ.ಮೀ., ಸೊಂಟದಲ್ಲಿ 2–3 ಸೆಂ.ಮೀ. ಸಡಿಲ ಬೇಕು. ಕುತ್ತಿಗೆಯ ಹಿಂದಿನ ಮೂಳೆಯಿಂದ ಸೊಂಟದವರೆಗಿನ ಉದ್ದವನ್ನು ಹೆಚ್ಚಿನವರು ಅಳೆಯುವುದಿಲ್ಲ, ಆದರೆ ಅದು 3 ಸೆಂ.ಮೀ. ತಪ್ಪಿದರೂ ಸೊಂಟದ ಹೊಲಿಗೆ ಮೇಲೇರಿಯೋ ಕೆಳಗೆ ಜಾರಿಯೋ ಆಕಾರವೇ ಕೆಡುತ್ತದೆ.

ಇಂಥದ್ದು ಈಗಾಗಲೇ ಕೈಸೇರಿದ್ದರೆ, ಹಾಫನ್ನು ಫುಲ್ ಮಾಡುವಷ್ಟು ಬಟ್ಟೆ ಅದರಲ್ಲಿಲ್ಲ. ಎರಡು ದಿನ ತೂಗುಹಾಕಿ, ತೊಟ್ಟು ನಿಂತು, ನೆಲದಿಂದ ಒಂದೇ ಎತ್ತರಕ್ಕೆ ಸುತ್ತ ಗುರುತು ಹಾಕಿಸಿ, ಕತ್ತರಿಸಿ ಸಣ್ಣ ಮಡಿಕೆ ಹೊಲಿಸಿ. ಪೆಟಿಕೋಟ್ ತೊಡುವುದಾದರೆ ಲಂಗಕ್ಕಿಂತ 3–5 ಸೆಂ.ಮೀ. ಗಿಡ್ಡದ್ದು, ತೆಳುವಾದ, ಕಡಿಮೆ ಸುತ್ತಳತೆಯದು ಇರಲಿ. ಫುಲ್ ಸರ್ಕಲ್‌ಗೆಂದು ಹೊಲಿದ ದಪ್ಪ ಪೆಟಿಕೋಟನ್ನು ಇದರೊಳಗೆ ತುರುಕಿದರೆ ಲಂಗ ಬಿಗಿದು ದೀಪದ ಮುಚ್ಚಳದಂತಾಗಿ, ಕೆಳಗಿನಿಂದ ನೆಟ್ ಇಣುಕುತ್ತದೆ.