ದೋಣಿ ಓಡಿಸಲು ಎಲ್ಲಿ ಕಲಿಯುವುದು: ಮುಂಬೈ, ಗೋವಾ, ಊರಿನ ಸ್ರಾಂಕ್ ದಾರಿ

ಮೊದಲೇ ಹೇಳಿಬಿಡುತ್ತೇನೆ. ಕಾಸರಗೋಡಿನ ಕಡೆಯವರು ಸ್ವಂತ ಖುಷಿಗೆ ಎಂಜಿನ್ ದೋಣಿ ಓಡಿಸಲು ಕಲಿಯುವುದಾದರೆ ಗೋವಾಕ್ಕೆ ಹೋಗಿ. ನಾನು ಮೊದಲು ಮುಂಬೈಗೆ ಹೋದೆ. ದುಡ್ಡು ಕಟ್ಟಿ ಸರ್ಟಿಫಿಕೇಟ್ ತಂದೆ. ಆಮೇಲೆ ಗೋವಾಕ್ಕೂ ಹೋಗಬೇಕಾಯಿತು. ನಿಮಗೆ ಆ ಎರಡನೇ ಖರ್ಚು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದೋಣಿ ಅಣ್ಣನದ್ದು. ಹದಿನಾರು ಅಡಿಯ ಫೈಬರ್ ದೋಣಿ, ಹಿಂದೆ 25 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ನಮ್ಮ ತೋಟ ಚಂದ್ರಗಿರಿ ಹೊಳೆಯ ಬದಿಯಲ್ಲೇ ಇದೆ. ಅಣ್ಣನ ಹತ್ತಿರ ದುಬೈಯ ಲೈಸೆನ್ಸ್ ಇದೆ, ಆದರೆ ಅವನು ವರ್ಷದಲ್ಲಿ ಹನ್ನೊಂದು ತಿಂಗಳು ಅಲ್ಲೇ ಇರುತ್ತಾನೆ. ದೋಣಿ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ದೋಣಿ ಮಗುಚಿ 22 ಜನ ತೀರಿಹೋದರಲ್ಲ, ಆಮೇಲೆ ಅಮ್ಮ ಖಡಾಖಂಡಿತವಾಗಿ ಹೇಳಿದರು: “ನೀನು ಸರಿಯಾಗಿ ಕಲಿತು ಬಾ. ಮತ್ತೆ ಮಕ್ಕಳನ್ನು ಕೂರಿಸು.” ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ.

ಊರಿನ ದಾರಿಯನ್ನು ಮೊದಲು ವಿಚಾರಿಸಿದೆ. ಕೇರಳದ ಹೌಸ್‌ಬೋಟ್, ಪ್ರಯಾಣಿಕರ ಬೋಟುಗಳಲ್ಲಿ ದುಡಿಯುವವರು ಹತ್ತುವ ಮೆಟ್ಟಿಲು ಅದು. ಮೊದಲು ಲಾಸ್ಕರ್, ಅಂದರೆ ಬೋಟಿನ ಕೆಲಸದಾಳು. ವರ್ಷಗಟ್ಟಲೆ ಬೋಟಿನಲ್ಲಿ ದುಡಿದ ಮೇಲೆ ಪರೀಕ್ಷೆ ಬರೆದು ಸ್ರಾಂಕ್, ಅಂದರೆ ಬೋಟು ನಡೆಸುವವನು. ಎಂಜಿನ್ ನೋಡುವ ಡ್ರೈವರನದ್ದು ಬೇರೆಯೇ ಸಾಲು. ನೀಲೇಶ್ವರದ ಕೋಟ್ಟಪ್ಪುರಂನಲ್ಲಿ ಹೌಸ್‌ಬೋಟ್ ನಡೆಸುವವರಿಗೆ ಇದು ಬೇಕೇ ಬೇಕು, ಅನ್ನದ ಪ್ರಶ್ನೆ. ಶಾಲೆಯಲ್ಲಿ ಪಾಠ ಮಾಡಿಕೊಂಡು ಭಾನುವಾರ ಮಾತ್ರ ದೋಣಿ ಇಳಿಸುವ ನನಗೆ ಆಗುವ ಕೆಲಸ ಅಲ್ಲ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಮುಂಬೈಯಲ್ಲಿ ಮಾಡಿದ್ದು ಆರ್‌ವೈಎ ಪವರ್‌ಬೋಟ್ ಲೆವೆಲ್ 2. ಆರ್‌ವೈಎ ಅಂದರೆ ಇಂಗ್ಲೆಂಡಿನ ರಾಯಲ್ ಯಾಚಿಂಗ್ ಅಸೋಸಿಯೇಷನ್, 1875ರಲ್ಲಿ ಶುರುವಾದ ಸಂಸ್ಥೆ. ಕೋರ್ಸ್ ಎರಡೇ ದಿನದ್ದು. ಒಬ್ಬ ಬೋಧಕರಿಗೆ ಹೆಚ್ಚೆಂದರೆ ಮೂರು ಜನ, ಹಾಗಾಗಿ ಕೈಗೆ ಕೆಲಸ ಚೆನ್ನಾಗಿ ಸಿಗುತ್ತದೆ. ಪಠ್ಯಕ್ರಮವೂ ಒಳ್ಳೆಯದೇ. ಲಂಗರು ಹಾಕುವುದು, ನೀರಿಗೆ ಬಿದ್ದವರನ್ನು ಎತ್ತುವುದು, ವೇಗದಲ್ಲಿ ತಿರುಗಿಸುವುದು, ಎಲ್ಲ ಇದೆ. ಎರಡು ಎಂಜಿನ್ ದೋಣಿ ಎದುರುಬದುರಾದರೆ ಇಬ್ಬರೂ ಬಲಕ್ಕೆ ತಿರುಗಬೇಕು ಅಂತ ಅಲ್ಲಿಯೇ ನನಗೆ ಗೊತ್ತಾದದ್ದು. ರಸ್ತೆಯಲ್ಲಿ ಎಡಕ್ಕೆ ಸರಿದು ಅಭ್ಯಾಸ ಆದವರು ನಾವು, ಇದನ್ನು ಬಾಯಿಪಾಠವೇ ಮಾಡಬೇಕು.

ತೊಂದರೆ ಒಂದೇ. ಅದೇ ನನ್ನ ದುಡ್ಡು ತಿಂದದ್ದು.

ನಾನು ಹೋದ ತರಬೇತಿ ಕೇಂದ್ರದಲ್ಲಿ ಇದ್ದದ್ದು ಸ್ಟೀರಿಂಗ್ ಚಕ್ರದ ದೋಣಿ ಮಾತ್ರ. ಪಕ್ಕದಲ್ಲಿ ಒಂದು ಲಿವರ್. ಮುಂದೆ ತಳ್ಳಿದರೆ ಮುಂದೆ, ನಡುವಿನಲ್ಲಿ ನ್ಯೂಟ್ರಲ್, ಹಿಂದೆ ಎಳೆದರೆ ರಿವರ್ಸ್. ಕಾರು ಓಡಿಸುವವರಿಗೆ ಅರ್ಧ ಗಂಟೆಯಲ್ಲಿ ಕೈ ಕೂರುತ್ತದೆ. ನಮ್ಮ ದೋಣಿಯಲ್ಲಿ ಚಕ್ರವೇ ಇಲ್ಲ. ಎಂಜಿನಿಗೆ ಸೇರಿದ ಹ್ಯಾಂಡಲನ್ನೇ ಹಿಡಿದು ತಿರುಗಿಸಬೇಕು. ದುಡ್ಡು ಕಟ್ಟುವ ಮೊದಲು ಫೋನಿನಲ್ಲಿ ಕೇಳಿದ್ದೆ. “ಎಲ್ಲ ಒಂದೇ ಸರ್, ಮನೆಗೆ ಹೋಗಿ ಹತ್ತು ನಿಮಿಷ ಓಡಿಸಿದರೆ ಸಾಕು” ಅಂದರು.

ಒಂದೇ ಅಲ್ಲ. ಪೂರ್ತಿ ತಲೆಕೆಳಗು. ಚಕ್ರವನ್ನು ಎಡಕ್ಕೆ ತಿರುಗಿಸಿದರೆ ದೋಣಿ ಎಡಕ್ಕೆ ಹೋಗುತ್ತದೆ. ಹ್ಯಾಂಡಲನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ. ಕೇಳುವಾಗ ಸುಲಭ, ಅಲ್ವಾ? ನಿಧಾನವಾಗಿ ಹೋಗುವಾಗ ಯೋಚಿಸಿ ಮಾಡಬಹುದು. ಅವಸರದಲ್ಲಿ ಕೈ ತನಗೆ ಅಭ್ಯಾಸ ಇದ್ದದ್ದನ್ನೇ ಮಾಡುತ್ತದೆ.

ಮುಂಬೈಯಿಂದ ಬಂದ ಮೂರನೇ ದಿನ. ಇಳಿತದ ಹೊತ್ತು, ಹೊಳೆ ಅಳಿವೆಯ ಕಡೆಗೆ ಜೋರಾಗಿ ಎಳೆಯುತ್ತಿತ್ತು. ಕಡವಿನ ಮುರಕಲ್ಲಿನ ಮೆಟ್ಟಿಲು ನನ್ನ ಎಡಕ್ಕೆ. ದೋಣಿ ಮೆಟ್ಟಿಲಿಗೆ ತೀರಾ ಹತ್ತಿರ ಬಂತು, ಬಲಕ್ಕೆ ತಪ್ಪಿಸಬೇಕಿತ್ತು. ಚಕ್ರದ ನೆನಪಿನಲ್ಲಿ ಹ್ಯಾಂಡಲನ್ನು ಬಲಕ್ಕೆ ಎಳೆದೆ. ಮೂತಿ ಸೀದಾ ಮೆಟ್ಟಿಲಿನ ಕಡೆ ತಿರುಗಿತು. ಎದೆ ಧಸಕ್ಕೆಂದಿತು, ಮುಷ್ಟಿ ಬಿಗಿಯಾಯಿತು. ಹ್ಯಾಂಡಲ್ ದೋಣಿಯ ಇನ್ನೊಂದು ವಿಷಯ ಆಗಲೇ ಅರ್ಥವಾದದ್ದು. ಆಕ್ಸಿಲರೇಟರ್ ಕೂಡ ಅದೇ ಮುಷ್ಟಿಯಲ್ಲಿದೆ, ಬೈಕಿನ ಹಾಗೆ. ಹೆದರಿ ಹಿಡಿದದ್ದೇ ಹಿಡಿ ತಿರುಗಿತು, ವೇಗ ಜಾಸ್ತಿ ಆಯಿತು. ಮುಂದಿನ ಅಂಚಿನಲ್ಲಿ ಒಂದು ಗೇಣು ಉದ್ದಕ್ಕೆ ಫೈಬರ್ ಒಡೆಯಿತು. ದೋಣಿಯಲ್ಲಿ ನಾನೊಬ್ಬನೇ ಇದ್ದೆ. ಮಕ್ಕಳಿದ್ದಿದ್ದರೆ ಅಂತ ಯೋಚಿಸಿ ಆ ರಾತ್ರಿ ನಿದ್ದೆ ಬರಲಿಲ್ಲ.

ನೆರೆಮನೆಯ ಮೊಗವೀರ ಅಣ್ಣ ದೋಣಿ ಕಟ್ಟಲು ಸಹಾಯ ಮಾಡಿದರು. “ಮಾಷ್ಟ್ರೇ, ನೀರಿಗೆ ಮುಖ ಕೊಟ್ಟು ಬನ್ನಿ. ನೀರಿನ ಜೊತೆ ಬಂದರೆ ದೋಣಿ ನಿಲ್ಲುವುದಿಲ್ಲ” ಅಂದರು. ಎಳೆತಕ್ಕೆ ಎದುರಾಗಿ ಬಂದರೆ ನೀರೇ ಬ್ರೇಕ್ ಹಿಡಿಯುತ್ತದೆ. ಮುಂಬೈಯಲ್ಲಿ ಇದನ್ನೂ ಹೇಳಿಕೊಟ್ಟಿದ್ದರು. ಕೈಯ ಗೊಂದಲದಲ್ಲಿ ಮರೆತೇ ಹೋಗಿತ್ತು.

ಗೋವಾದ್ದು ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿ ಬರುವಂಥದ್ದು. ಇಲ್ಲಿ ನನ್ನ ಕೈಗೆ ಮೊದಲು ಕೊಟ್ಟದ್ದೇ ಹ್ಯಾಂಡಲ್. ಚಕ್ರ ಆಮೇಲೆ ಬಂತು. ನೀರಿನಲ್ಲಿ ತೇಲುವ ಗುರುತುಗಳ, ಅಂದರೆ ಬೋಯ್‌ಗಳ ನಡುವೆ ಹಾವಿನ ಹಾಗೆ ಓಡಿಸು, ನಿಲ್ಲಿಸು, ಹಿಂದೆ ಬಾ, ಮತ್ತೆ ಮೊದಲಿಂದ. ಎರಡನೇ ದಿನ ಸಂಜೆಗೆ ಯೋಚನೆ ಬಿಟ್ಟುಹೋಗಿ ಕೈ ತಾನಾಗಿ ಸರಿಯಾದ ಕಡೆ ಹೋಗತೊಡಗಿತು. ಕಲಿಸುವವರು ಒಂದು ಮಾತು ಹೇಳಿದರು: ಮೂತಿ ಒಂದನ್ನೇ ನೋಡಬೇಡಿ, ದೋಣಿ ತಿರುಗುವುದು ಹಿಂಬದಿಯಿಂದ. ದಕ್ಕೆಯಿಂದ ಹೊರಡುವಾಗ ಮೂತಿಯನ್ನು ಒಮ್ಮೆಲೇ ಆಚೆ ತಿರುಗಿಸಿದರೆ ಹಿಂಬದಿ ಬಂದು ದಕ್ಕೆಗೆ ಬಡಿಯುತ್ತದೆ. ಇದೊಂದು ಗೊತ್ತಾದ ಮೇಲೆ ನಮ್ಮ ಕಡವಿನಲ್ಲಿ ದೋಣಿ ಒಮ್ಮೆಯೂ ತಾಗಿಲ್ಲ.

ಎಂಜಿನ್ ನಿಲ್ಲಿಸುವ ಕೆಂಪು ಸುರುಳಿ ಹಗ್ಗವನ್ನು ಮೈಗೆ ಕಟ್ಟಿಕೊಳ್ಳದೆ ಸ್ಟಾರ್ಟ್ ಮಾಡಬಾರದು. ಎರಡೂ ಕಡೆ ಇದರಲ್ಲಿ ರಾಜಿ ಇಲ್ಲ. ಓಡಿಸುವವನು ನೀರಿಗೆ ಬಿದ್ದರೆ ಹಗ್ಗ ಕಳಚಿ ಎಂಜಿನ್ ನಿಲ್ಲುತ್ತದೆ.

ಖರ್ಚು: ಹೋಗಿಬರುವುದು, ಉಳಿಯುವುದು ಸೇರಿ ಮುಂಬೈಗೆ ಆದದ್ದರಲ್ಲಿ ಅರ್ಧಕ್ಕಿಂತ ಕಡಿಮೆಗೆ ಗೋವಾ ಮುಗಿಯಿತು. ಕಾಸರಗೋಡಿನಲ್ಲಿ ರೈಲು ಹತ್ತಿದರೆ ಅದೇ ದಿನ ಮಡಗಾಂವ್. ದಿನ ಮಾತ್ರ ಗೋವಾಕ್ಕೆ ಜಾಸ್ತಿ ಬೇಕು. ನನಗೆ ಕ್ರಿಸ್ಮಸ್ ರಜೆ ಇತ್ತು, ಸರಿಹೋಯಿತು. ರಜೆ ಸಿಗದವರಿಗೆ, ಚಕ್ರದ ದೋಣಿಯೇ ಇರುವವರಿಗೆ ಮುಂಬೈಯ ಎರಡು ದಿನ ನಷ್ಟ ಅಲ್ಲ. ವಿದೇಶದಲ್ಲಿ ಬಾಡಿಗೆ ದೋಣಿ ಓಡಿಸುವ ಯೋಚನೆ ಇದ್ದರಂತೂ ಆರ್‌ವೈಎ ಹೆಸರು ಹೆಚ್ಚು ಕಡೆ ಗೊತ್ತು.

ಆದರೆ ಎರಡೂ ತರಬೇತಿಯ ಕಾಗದವೇ. 1917ರ ಹಳೆಯ ಕಾಯ್ದೆ ಹೋಗಿ 2021ರಲ್ಲಿ ಹೊಸ ಒಳನಾಡು ನೌಕಾ ಕಾಯ್ದೆ ಬಂದಿದೆ. ದೋಣಿಯ ತಪಾಸಣೆ, ನೋಂದಣಿ, ವಿಮೆ ಬೇರೆಯೇ ಆಗಬೇಕು. ಸುಮ್ನೆ ಸರ್ಟಿಫಿಕೇಟ್ ತೋರಿಸಿ ಹೊಳೆಗೆ ಇಳಿಯಬೇಡಿ, ಮೊದಲು ಬಂದರು ಕಚೇರಿಯಲ್ಲಿ ಕೇಳಿ.

ಮುಂದಿನ ರಜೆಗೆ ಅಣ್ಣನ ಮಗಳು ಗೋವಾಕ್ಕೆ ಹೋಗುತ್ತಾಳೆ. ಈಗ ಸಂಜೆ ಹೊತ್ತು ಕಡವಿನಲ್ಲಿ ಕಟ್ಟಿದ ದೋಣಿಯಲ್ಲೇ ಕೂತು, ಎಂಜಿನ್ ಸ್ಟಾರ್ಟ್ ಮಾಡದೆ, ಹ್ಯಾಂಡಲ್ ಹಿಡಿದುಕೊಂಡಿರುತ್ತಾಳೆ. ನಾನು ಮೆಟ್ಟಿಲಿನಿಂದ “ಬಲಕ್ಕೆ” ಅನ್ನುತ್ತೇನೆ. ಅವಳು ಎಡಕ್ಕೆ ತಳ್ಳುತ್ತಾಳೆ.